ಹದಿನೇಳನೇ ನಿಮಿಷದ ದಿಣ್ಣೆ

ಕಟ್ಟಿನಕೆರೆ ಮಾರುಕಟ್ಟೆ, ಬೆಳಿಗ್ಗೆ ಆರೂವರೆ.
ದ್ಯಾವಮ್ಮ ಗೋಣಿಚೀಲದ ಮೇಲೆ
ಹೇರಳೆಕಾಯಿ ಹರವಿ ಕೂತಿದ್ದಾಳೆ,
ಒಂದೊಂದಕ್ಕೂ ಒಂದೊಂದು ಸೊಟ್ಟ ಮುಖ.

"ಉಪ್ಪಿನಕಾಯಿಗಾ ಅವ್ವ?"
ಅಲ್ಲ, ಸಿಪ್ಪೆಗೆ ಎಂದೆ.
ಅದರೊಳಗಿನ ಕಹಿ ತೆಗೆದು ತೂಗುವುದಕ್ಕೆ.
ಒಂದು ಗಳಿಗೆ ನನ್ನನ್ನೇ ನೋಡಿ
ಕಪ್ಪು ಕವರಿಗೆ ಎಂಟು ಕಾಯಿ ಹಾಕಿ
ಕೊಸರಿಗೊಂದು ಸೇರಿಸಿದಳು:
"ಕಹಿ ತೂಗೋದಾದ್ರೆ
ನಮ್ಮೂರ್ನಾಗೆ ಬೇಕಾದಷ್ಟದೆ, ಬಾ."

ಹೆರೆದೆ. ಹೊರಗೆ ಹಸಿರು, ಒಳಗೆ ದಪ್ಪ ಬಿಳಿ ತೊಗಲು.
ಮನೆಯಲ್ಲಿ ಎಲ್ಲರೂ ಕೆತ್ತಿ ಬಿಸಾಡುವ ಆ ಬಿಳಿಯಲ್ಲೇ
ಇರುವುದು ನನಗೆ ಬೇಕಾದದ್ದು.
ಕಾಲೇಜಿನ ತಾರಸಿಯ ನೆರಳಲ್ಲಿ ಐದು ದಿನ ಒಣಗಿತು;
ಕಾಗೆ ಕಾಯುವ ಕೆಲಸ ಅಟೆಂಡರ್ ಜವರಪ್ಪನದು.
ಪುಡಿ ಮಾಡಿ, ಕೈಗೆ ಸಿಕ್ಕ ಅದೇ ಕಪ್ಪು ಕವರಿನಲ್ಲಿ ಕಟ್ಟಿಟ್ಟೆ.

ಸಾಕ್ಸ್‌ಲೆಟ್ಟಿನ ಗಾಜಿನ ಗಂಟಲಲ್ಲಿ
ಮೆಥನಾಲ್ ಆವಿಯಾಗಿ ಏರುತ್ತದೆ, ತಣಿದು ತೊಟ್ಟಿಕ್ಕುತ್ತದೆ,
ತುಂಬುತ್ತದೆ, ತಡೆಯಲಾರದೆ
ಗುಳುಕ್ಕೆಂದು ಒಮ್ಮೆಲೇ ಇಳಿದುಬಿಡುತ್ತದೆ.
ಮತ್ತೆ ಏರುತ್ತದೆ.
ಹದಿನಾಲ್ಕು ಸಲ ಎಣಿಸಿದೆ.
ಹದಿನೈದನೆಯದಕ್ಕೆ ಕರೆಂಟು ಹೋಯಿತು.
"ಭಟ್ಟಿ ಇಳಿಸೋದೂ ಹಿಂಗೇಯ," ಅಂದ ಜವರಪ್ಪ ಕತ್ತಲಲ್ಲಿ,
"ನಮ್ಮಪ್ಪನ ಕಾಲ್ದಲ್ಲಿ ಇಷ್ಟು ಗಾಜಿರ್ಲಿಲ್ಲ."

ಆಮ್ಲ ಕೆಲವು ತೊಟ್ಟು, ಒಂದು ರಾತ್ರಿ ಫ್ರಿಜ್ಜು.
ಬೆಳಗಾದರೆ ಬೀಕರಿನ ತಳದಲ್ಲಿ
ಸಂಜೆ ಇಲ್ಲದ್ದು ಇತ್ತು:
ಸೂಜಿ ಸೂಜಿ ಬಿಳುಪು,
ಚಾದಂಗಡಿಯವನು ಕೊಡುವ ಸಕ್ಕರೆಯಷ್ಟೂ ಇಲ್ಲ.
ಹೆಸ್ಪೆರಿಡಿನ್.
ರಕ್ತನಾಳಕ್ಕೆ ಒಳ್ಳೆಯದಂತೆ.
ಪ್ರಬಂಧದಲ್ಲಿ ಆ "ಅಂತೆ" ಇರಕೂಡದು ಎಂದಿದ್ದಾರೆ ಮೇಡಂ,
ಆಧಾರ ಸಿಗದೆ ಅದನ್ನು ಹೊಡೆಯಕೂಡದು ಎಂದೂ.

ಮೈಸೂರಿನ ಯಂತ್ರಕ್ಕೆ ಹೋದ ಪುಟ್ಟ ಸೀಸೆ
ಹನ್ನೆರಡು ದಿನದ ಮೇಲೆ ಒಂದು ಗೆರೆಯಾಗಿ ಬಂತು.
ಬಯಲು, ಬಯಲು.
ಏಳನೇ ನಿಮಿಷಕ್ಕೆ ನರಿಂಜಿನ್,
ಎಂಟಕ್ಕೆ ಹೆಸ್ಪೆರಿಡಿನ್, ಹಾಳೆಯ ತಲೆ ಮುಟ್ಟುವಂತೆ,
ಆಮೇಲೆ ಉದ್ದನೆಯ ಬಯಲು.
ಹದಿನೇಳಕ್ಕೆ
ಒಂದು ಸಣ್ಣ ದಿಣ್ಣೆ. ಯಾವ ಪಟ್ಟಿಯಲ್ಲೂ ಇಲ್ಲ.

ಆ ದಿಣ್ಣೆಯ ಮೇಲೆ ಮೂರು ವಾರ ವಾಸವಿದ್ದೆ.
ಹೇರಳೆಯನ್ನೂ ದ್ಯಾವಮ್ಮನ ಊರನ್ನೂ ಕೂಡಿಸಿ
ಹೆಸರಿಟ್ಟೆ, ಯಾರಿಗೂ ಹೇಳಲಿಲ್ಲ.
ಬಸ್ಸಿನಲ್ಲಿ ಮೆಲ್ಲಗೆ ಉಚ್ಚರಿಸಿ ನೋಡಿದೆ, ಚೆನ್ನಾಗಿತ್ತು.
ಡೇರಿ ಸರ್ಕಲ್ಲಿಗೆ ಇಳಿಯಬೇಕಾದವಳು ಇಳಿಯದೆ
ಮುಂದೆ ಹೋಗಿಬಿಟ್ಟೆ.

ಮೇಡಂ ಕೇಳಿದ್ದು ಒಂದೇ ಮಾತು:
"ಪುಡಿ ಯಾತರಲ್ಲಿ ಇಟ್ಟಿದ್ದೆ?"

ಕಪ್ಪು ಕವರಿನ ಮೂಲೆ ಕತ್ತರಿಸಿ
ಮೆಥನಾಲಿನಲ್ಲಿ ನೆನೆಹಾಕಿ ಕಳಿಸಿದೆ.
ಹೇರಳೆಯೇ ಇಲ್ಲದ ಸೀಸೆ.
ಬಯಲು. ಬಯಲು. ಬಯಲು.
ಹದಿನೇಳಕ್ಕೆ ದಿಣ್ಣೆ.

ಲ್ಯಾಬಿನ ಪುಸ್ತಕದಲ್ಲಿ ಹಾಳೆ ಹರಿಯುವಂತಿಲ್ಲ.
ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು,
ಅಡಿಯಲ್ಲಿರುವುದು ಓದುವಂತಿರಬೇಕು,
ಪಕ್ಕದಲ್ಲಿ ತಾರೀಖು, ಸಹಿ.
ಎಳೆದೆ. ಹೆಸರು ಅಲ್ಲೇ ಇದೆ, ಓದಬಹುದು.
ಜವರಪ್ಪನ ಜೊತೆ ನಿಂತು ಅವತ್ತಿನ ಗಾಜೆಲ್ಲ ತೊಳೆದೆ.
ಉಗುರ ಸಂದಿಯಲ್ಲಿ ಇನ್ನೂ ಘಮ,
ಅದನ್ನು ಯಾವ ನಿಮಿಷಕ್ಕೆ ಬರೆಯುವುದೋ ತಿಳಿಯದು.

ಸೋಮವಾರ ಸ್ಟೀಲಿನ ಡಬ್ಬಿ ಹಿಡಿದು ಹೋದೆ.
"ತೂಗಿದ್ಯಾ ಅವ್ವ?"
ತೂಗಿದೆ. ನಲವತ್ತು ಗ್ರಾಂ ಪುಡಿಗೆ ಅರ್ಧ ಗ್ರಾಂ.
"ಅಷ್ಟೇಯಾ!" ಎಂದಳು ದ್ಯಾವಮ್ಮ,
ತನ್ನ ಕಾಯಿಗೇ ಅವಮಾನವಾದಂತೆ.
ಎಂಟು ಎಣಿಸಿ ಹಾಕಿದಳು, ಮೇಲೊಂದು ಕೊಸರು.
ಮುಚ್ಚಳ ಕೂರಲಿಲ್ಲ.
ಹಾಗೇ ಹಿಡಿದುಕೊಂಡು ನಡೆದೆ.